ಮೆಗ್ನೀಷಿಯಂ ಉರಿಸಿದರೆ ಚಪ್ಪಾಳೆ, ಸಮೀಕರಣ ಬರೆದರೆ ಆಕಳಿಕೆ: ರಸಾಯನಶಾಸ್ತ್ರ ಹೇಗೆ ಕಲಿಸೋಣ?

ಮದ್ದೂರು ಸೈನ್ಸ್ ಮಿಸ್:

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇಲ್ಲಿ ಮೇಷ್ಟ್ರುಗಳೂ ಇದ್ದೀರಿ, ಓದುವ ಮಕ್ಕಳೂ ಇದ್ದೀರಿ. ಹಾಗಾಗಿ ಈ ಪ್ರಶ್ನೆ ಇಲ್ಲೇ ಕೇಳೋಣ ಅನ್ನಿಸಿತು.

ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಮೊದಲಿಗೇ ಮೆಗ್ನೀಷಿಯಂ ಪಟ್ಟಿ ಉರಿಸುವ ಪ್ರಯೋಗ ಇದೆ. ಉರಿಸಿದರೆ ಇಡೀ ಕ್ಲಾಸು ಎದ್ದು ನಿಲ್ಲುತ್ತದೆ. "ಮಿಸ್, ಇನ್ನೊಂದ್ ಸಲ" ಅಂತ ಗಲಾಟೆ. ಅದೇ ನಾನು ಬೋರ್ಡ್ ಕಡೆ ತಿರುಗಿ ಸಮೀಕರಣ ಬರೆಯಲು ಶುರು ಮಾಡಿದರೆ ಹಿಂದಿನ ಬೆಂಚಿನವರು ಕಿಟಕಿ ನೋಡುತ್ತಾರೆ. ಬೆಳಕು ನೋಡಿ ಖುಷಿಯಾಯಿತು, ಸರಿ. ಆದರೆ ಮಗುವಿನ ತಲೆಯಲ್ಲಿ ಒಂದು ಪ್ರಶ್ನೆಯೂ ಹುಟ್ಟಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ನಾನು ಬೋರ್ಡ್ ಮೇಲೆ ಉತ್ತರ ಬರೆಯುತ್ತಿದ್ದೇನೆ, ಅಲ್ವಾ?

ಇದಕ್ಕೆ ಎದುರಾಗಿ ಇನ್ನೊಂದು ಕ್ಲಾಸಿನ ಕತೆ ಹೇಳುತ್ತೇನೆ. ಆಮ್ಲ, ಪ್ರತ್ಯಾಮ್ಲದ ಪಾಠ. "ಆರತಿ ನೀರು ಹೇಗೆ ಮಾಡುತ್ತಾರೆ?" ಅಂತ ಕೇಳಿದೆ. ಎಲ್ಲರಿಗೂ ಗೊತ್ತು, ಅರಿಶಿನದ ನೀರಿಗೆ ಚೂರು ಸುಣ್ಣ. ಮಾಡಿ ತೋರಿಸಿದೆ, ಕೆಂಪಾಯಿತು. ಇಲ್ಲಿಗೆ ಯಾರಿಗೂ ಆಶ್ಚರ್ಯವಿಲ್ಲ. ಆಮೇಲೆ ನಿಂಬೆಹಣ್ಣು ಕೈಯಲ್ಲಿ ಹಿಡಿದು, "ಇದನ್ನು ಹಿಂಡಿದರೆ ಏನಾಗುತ್ತದೆ? ಮಾತಾಡಬೇಡಿ, ನೋಟ್‌ಬುಕ್‌ನಲ್ಲಿ ಬರೆಯಿರಿ" ಅಂದೆ. ಇನ್ನೂ ಕೆಂಪಾಗುತ್ತದೆ ಅಂತ ಕೆಲವರು, ಏನೂ ಆಗಲ್ಲ ಅಂತ ಕೆಲವರು. ಹಿಂಡಿದಾಗ ಮತ್ತೆ ಹಳದಿ! ತಕ್ಷಣ ಒಬ್ಬ ಹುಡುಗ ಎದ್ದು, "ಮತ್ತೆ ಸುಣ್ಣ ಹಾಕಿದ್ರೆ ಮಿಸ್?" ಅಂದ. ಹಾಕಿದೆವು, ಕೆಂಪು. ಮತ್ತೆ ನಿಂಬೆ, ಹಳದಿ. ಆಗ ಅವನು ಕೇಳಿದ್ದು: "ಒಂದು ಚಮಚ ಸುಣ್ಣದ ತಿಳಿಗೆ ಎಷ್ಟು ಹನಿ ನಿಂಬೆ ಬೇಕು?"

ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ (ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ) ಹಿಡಿದು ಮಾಡುವ ಟೈಟ್ರೇಷನ್ ಅಂದರೆ ಇದೇ ಪ್ರಶ್ನೆ. ಅವನಿಗೆ ಅದು ತಾನಾಗಿಯೇ ಹೊಳೆಯಿತು. ಆಮ್ಲ, ಪ್ರತ್ಯಾಮ್ಲ ಸೇರಿ ಒಂದರ ಗುಣವನ್ನು ಇನ್ನೊಂದು ಅಳಿಸುವುದಕ್ಕೆ ಅವತ್ತು ತಟಸ್ಥೀಕರಣ ಅಂತ ಬರೆದಾಗ ಒಬ್ಬರೂ ಕಿಟಕಿ ನೋಡಲಿಲ್ಲ.

ಹೀಗೆ ಮೊದಲು ಪರಿಚಯದ ವಸ್ತು, ಆಮೇಲೆ ಊಹೆ, ಆಮೇಲೆ ಪ್ರಯೋಗ, ಕೊನೆಗೆ ಚಿಹ್ನೆ, ಸಮೀಕರಣ. ಈ ದಾರಿಯಲ್ಲಿ ನೀವು ಏನೇನು ಮಾಡಿದ್ದೀರಿ? ನಮ್ಮ ಮಂಡ್ಯ, ಮೈಸೂರು ಕಡೆಯ ಮಕ್ಕಳ ಕಣ್ಣಿಗೆ ದಿನಾ ಬೀಳುವ ವಸ್ತುಗಳೇ ಆದರೆ ಇನ್ನೂ ಒಳ್ಳೆಯದು.

ಪಾಂಡವಪುರ ಆಲೆಮನೆ:

ಮಿಸ್, ನಮಸ್ಕಾರ. ನಾನು ಬಿಎಸ್ಸಿ ಮುಗಿಸಿ ಈಗ ಅಪ್ಪನ ಜೊತೆ ಆಲೆಮನೆ ನೋಡಿಕೊಳ್ಳುತ್ತಿದ್ದೇನೆ. ಕಬ್ಬಿನ ಜಿಲ್ಲೆಯಲ್ಲಿ ಇದ್ದುಕೊಂಡು ಆಲೆಮನೆಯನ್ನು ಪಾಠದಲ್ಲಿ ತರದೇ ಇದ್ದರೆ ಹೇಗೆ? ಒಂದು ಕೊಪ್ಪರಿಗೆಯಲ್ಲಿ ಅರ್ಧ ರಸಾಯನಶಾಸ್ತ್ರ ಇದೆ.

ಗಾಣದಿಂದ ಬಂದ ಕಬ್ಬಿನ ಹಾಲು ಸ್ವಲ್ಪ ಹುಳಿ, ಅಂದರೆ ಆಮ್ಲೀಯ. ಪಿಎಚ್ ಪೇಪರ್ ಅದ್ದಿದರೆ 5ರಿಂದ 5.5ರ ಆಸುಪಾಸು ತೋರಿಸುತ್ತದೆ (7 ಅಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ). ಹುಳಿ ಇರುವಾಗಲೇ ಕಾಯಿಸಿದರೆ ಸಕ್ಕರೆ, ಅಂದರೆ ಸುಕ್ರೋಸ್, ನೀರಿನ ಜೊತೆ ಸೇರಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅದು ಜಾಸ್ತಿಯಾದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ, ಜಿನುಗುತ್ತದೆ. ಫ್ರಕ್ಟೋಸ್‌ಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣ ಇರುವುದರಿಂದ ಮಳೆಗಾಲದಲ್ಲಿ ಇನ್ನೂ ಕೆಡುತ್ತದೆ. ಅದಕ್ಕೇ ಸುಣ್ಣದ ನೀರು ಹಾಕುವುದು. ಹುಳಿ ಇಳಿಯುತ್ತದೆ, ಕೊಳೆ ಮೇಲೆ ಬರುತ್ತದೆ. ಹಾಗಂತ ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪು. ಎಷ್ಟು ಹಾಕಬೇಕು ಅನ್ನುವುದು ನಮ್ಮ ಕೊಪ್ಪರಿಗೆಯ ಮುಂದೆ ನಿಲ್ಲುವ ಹಿರಿಯರಿಗೆ ಕೈಯಳತೆಯಲ್ಲೇ ಗೊತ್ತು. ನಿಮ್ಮ ಹುಡುಗ ಕೇಳಿದ ಹನಿಯ ಲೆಕ್ಕವನ್ನೇ ಅವರು ಸಾವಿರ ಲೀಟರಿನ ಅಳತೆಯಲ್ಲಿ ಮಾಡುತ್ತಿದ್ದಾರೆ.

ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಬಿಡುವ ಪದ್ಧತಿಯೂ ಇದೆ. ಲೋಳೆ ಸಣ್ಣ ಸಣ್ಣ ಕೊಳೆಯನ್ನು ಹಿಡಿದು ಮಡ್ಡಿಯಾಗಿ ಮೇಲೆ ತೇಲಿಸುತ್ತದೆ, ಜಾಲರಿಯಲ್ಲಿ ತೆಗೆದು ಹಾಕುತ್ತೇವೆ. ನೊರೆ ಉಕ್ಕಿ ಬಂದರೆ ಒಂದೆರಡು ಚಮಚ ಎಣ್ಣೆ ಬಿಟ್ಟರೆ ಸಾಕು, ನೊರೆ ಕುಸಿಯುತ್ತದೆ. ಮೇಲ್ಮೈ ಎಳೆತದ ಪಾಠ ಅಲ್ಲೇ ಇದೆ. ಇನ್ನು ಪಾಕ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಪಾಕ ಬಂದಾಗ ಥರ್ಮಾಮೀಟರ್ ಇಟ್ಟರೆ ಸುಮಾರು 118 ಡಿಗ್ರಿ. ನೀರು ಕಡಿಮೆಯಾಗಿ ಸಕ್ಕರೆ ಜಾಸ್ತಿಯಾದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ನಮ್ಮವರು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟುತ್ತದಾ ನೋಡುತ್ತಾರೆ. ಎರಡನ್ನೂ ಪಕ್ಕಪಕ್ಕ ಮಾಡಿ ತೋರಿಸಿದರೆ ಮಕ್ಕಳಿಗೆ ಎಷ್ಟು ಚೆನ್ನಾಗಿರುತ್ತದೆ!

ಇನ್ನೊಂದು ಮಾತು. ಕೆಲವು ಕಡೆ ಬೆಲ್ಲ ಬೆಳ್ಳಗೆ, ಚಿನ್ನದ ಬಣ್ಣ ಬರಲಿ ಅಂತ ಹೈಡ್ರೋಸ್ ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣದ ಅಣುಗಳಿಗೆ ಎಲೆಕ್ಟ್ರಾನ್ ಕೊಟ್ಟು, ಅಂದರೆ ಅಪಕರ್ಷಣೆ ಮಾಡಿ, ಬಣ್ಣ ತೆಗೆಯುತ್ತದೆ. ಇಟ್ಟಷ್ಟು ದಿನ ಗಾಳಿಯ ಆಕ್ಸಿಜನ್ ತಾಗಿ ಬಣ್ಣ ನಿಧಾನಕ್ಕೆ ವಾಪಸ್ ಬರುತ್ತದೆ. ಅಪಕರ್ಷಣೆ, ಉತ್ಕರ್ಷಣೆ ಎರಡೂ ಒಂದೇ ಅಚ್ಚಿನಲ್ಲಿ. ಇದನ್ನು ಅರ್ಥ ಮಾಡಿಕೊಂಡ ಮಗು ಅಂಗಡಿಯಲ್ಲಿ "ಕಂದು ಬೆಲ್ಲನೇ ಕೊಡಿ" ಅಂತ ಕೇಳುತ್ತದೆ. ನನಗೆ ಆ ಆಸೆ ಇದೆ.

ಹಳೇ ಲೆಕ್ಚರರ್, ಕುವೆಂಪುನಗರ:

ಆಲೆಮನೆಯವರು ಬರೆದದ್ದು ಓದಿ ಮನಸ್ಸು ತುಂಬಿತು. ಮೈಸೂರಿನ ಕಡೆಯಿಂದ ನಾನೊಂದು ಸೇರಿಸುತ್ತೇನೆ.

ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ, ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ ಅದು. 1962ರ ಲೋಕಸಭಾ ಚುನಾವಣೆಯಿಂದ ದೇಶಕ್ಕೆಲ್ಲ ಇಲ್ಲಿನದೇ ಶಾಯಿ. ಆ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. ಚರ್ಮದ ಮೇಲೆ ಬೆವರಿನ ಉಪ್ಪು ಇರುತ್ತದಲ್ಲ, ಅದರ ಕ್ಲೋರೈಡ್ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದರೆ ಅದು ಒಡೆದು ಬೆಳ್ಳಿಯ ಸಣ್ಣ ಸಣ್ಣ ಕಣಗಳು ಉಳಿಯುತ್ತವೆ, ಕಪ್ಪಾಗಿ ಕಾಣುತ್ತವೆ. ಸೋಪು, ನೀರು ಯಾವುದಕ್ಕೂ ಅದು ಜಗ್ಗುವುದಿಲ್ಲ. ಹಳೇ ಚರ್ಮ ಉದುರಬೇಕು, ಉಗುರು ಬೆಳೆದು ಕತ್ತರಿಸಬೇಕು, ಆಗಲೇ ಕಲೆ ಹೋಗುವುದು.

ಈಗ ಹತ್ತನೇ ಕ್ಲಾಸಿನ ಪುಸ್ತಕ ತೆಗೆಯಿರಿ. ವಿಭಜನೆಯ ಕ್ರಿಯೆಗಳು ಅನ್ನುವ ಕಡೆ, ಸಿಲ್ವರ್ ಕ್ಲೋರೈಡನ್ನು ಬಿಸಿಲಿನಲ್ಲಿಟ್ಟರೆ ಬೂದು ಬಣ್ಣಕ್ಕೆ ತಿರುಗುತ್ತದೆ ಅಂತ ಒಂದು ಚಟುವಟಿಕೆ ಇದೆ. ಎಷ್ಟೋ ಮಕ್ಕಳು ಅದನ್ನು ಉರು ಹೊಡೆದು ಬರೆಯುತ್ತಾರೆ. ಮತಗಟ್ಟೆಯಿಂದ ಬಂದ ಅಮ್ಮನ ಬೆರಳಿನ ಮೇಲೆ ನಡೆದದ್ದೂ ಅದೇ ಕ್ರಿಯೆ ಅಂತ ಒಬ್ಬರೂ ಹೇಳಿರುವುದಿಲ್ಲ.

ತೋರಿಸುವುದು ಸುಲಭ. ಉಪ್ಪು ನೀರಿಗೆ ತೆಳು ಸಿಲ್ವರ್ ನೈಟ್ರೇಟ್ ದ್ರಾವಣದ ಕೆಲವೇ ಹನಿ ಬಿಡಿ. ಮೊಸರಿನಂತೆ ಬಿಳಿ ಒತ್ತರ, ಅಂದರೆ ನೀರಿನಲ್ಲಿ ಕರಗದ ಗಸಿ, ಬರುತ್ತದೆ. ಅದನ್ನು ಎರಡು ಫಿಲ್ಟರ್ ಪೇಪರಿಗೆ ಹಚ್ಚಿ. ಒಂದನ್ನು ಪುಸ್ತಕದೊಳಗೆ ಮುಚ್ಚಿಡಿ, ಇನ್ನೊಂದರ ಮೇಲೆ ಒಂದು ಎಲೆ ಇಟ್ಟು ಕಿಟಕಿಯ ಬಿಸಿಲಿಗೆ ಇಡಿ. ಪಾಠ ಮುಗಿಯುವ ಹೊತ್ತಿಗೆ ಎಲೆಯ ಆಕಾರ ಬಿಳಿ, ಸುತ್ತಲೂ ಬೂದು. ದುಬಾರಿ ಅಂತ ಹೆದರಬೇಡಿ, ಹನಿಗಳಲ್ಲಿ ಮಾಡಿದರೆ ಒಂದು ಚಿಕ್ಕ ಬಾಟಲಿ ವರ್ಷಗಟ್ಟಲೆ ಬರುತ್ತದೆ. ಕೈಗೆ, ಬಟ್ಟೆಗೆ ತಾಗಿಸಿಕೊಳ್ಳಬೇಡಿ, ಗ್ಲೌಸ್ ಹಾಕಿಕೊಂಡು ಮೇಷ್ಟ್ರೇ ಮಾಡಬೇಕು.

ಹತ್ತನೇ ಕ್ಲಾಸ್ ತಾಯಿ:

ಓದಲು ಎಲ್ಲವೂ ಚೆಂದ. ಆದರೆ ಸಿಲಬಸ್ ಮುಗಿಸುವುದು ಯಾವಾಗ? ಪರೀಕ್ಷೆಯಲ್ಲಿ ಆಲೆಮನೆ ಕೇಳುವುದಿಲ್ಲವಲ್ಲ. ನನ್ನ ಮಗಳು ಸಮೀಕರಣ ಬ್ಯಾಲೆನ್ಸ್ ಮಾಡಲು ಈಗಲೂ ಒದ್ದಾಡುತ್ತಾಳೆ. ಎರಡು ಬರೆಯಬೇಕಾದ ಕಡೆ ಮೂರು ಬರೆದು ಅಳುತ್ತಾ ಕೂರುತ್ತಾಳೆ. ಅವಳಿಗೆ ಏನು ಮಾಡಲಿ?

ನಾಗಮಂಗಲ ಮೇಷ್ಟ್ರು:

ಅಮ್ಮಾ, ನಿಮ್ಮ ಆತಂಕ ನ್ಯಾಯವಾದದ್ದೇ. ಮಗಳಿಗೆ ಇವತ್ತು ರಾತ್ರಿಯೇ ಇದನ್ನು ಮಾಡಿಸಿ. ಅಡುಗೆಮನೆಯಿಂದ ಕಡಲೆಕಾಳು, ಹೆಸರುಕಾಳು ತೆಗೆದುಕೊಳ್ಳಿ. ಕಡಲೆ ಅಂದರೆ ಆಕ್ಸಿಜನ್, ಹೆಸರು ಅಂದರೆ ಹೈಡ್ರೋಜನ್. ಅನಿಲವಾಗಿ ಸಿಗುವಾಗ ಹೈಡ್ರೋಜನ್ ಯಾವಾಗಲೂ ಜೋಡಿ, ಆಕ್ಸಿಜನ್ನೂ ಜೋಡಿ. ಎರಡು ಹೆಸರು, ಒಂದು ಕಡಲೆ ಸೇರಿದರೆ ಒಂದು ನೀರು. ಈಗ ನೀರು ಮಾಡು ಅನ್ನಿ, ಒಂದು ಕಾಳೂ ಉಳಿಯಬಾರದು. ಒಂದು ಜೋಡಿ ಹೆಸರು, ಒಂದು ಜೋಡಿ ಕಡಲೆ ತೆಗೆದುಕೊಂಡರೆ ಒಂದು ಕಡಲೆ ಮಿಕ್ಕುತ್ತದೆ. ಅರ್ಧ ಜೋಡಿ ವಾಪಸ್ ಕೊಡುವ ಹಾಗಿಲ್ಲ. ಆಗ ಇನ್ನೊಂದು ಜೋಡಿ ಹೆಸರು ತರಬೇಕು. ಎರಡು ಜೋಡಿ ಹೈಡ್ರೋಜನ್, ಒಂದು ಜೋಡಿ ಆಕ್ಸಿಜನ್, ಎರಡು ನೀರು. ಮುಂದೆ ಬರೆಯುವ ಅಂಕಿ ಏನು, ಚಿಹ್ನೆಯ ಕೆಳಗೆ ಇರುವ ಚಿಕ್ಕ ಅಂಕಿ ಏನು ಅಂತ ಕೈಗೇ ಗೊತ್ತಾಗುತ್ತದೆ. ಮಕ್ಕಳು ಚಿಕ್ಕ ಅಂಕಿಯನ್ನು ಬದಲಾಯಿಸಿಬಿಡುವುದೇ ಹೆಚ್ಚಿನ ತಪ್ಪಿಗೆ ಕಾರಣ. ಕಾಳು ಜೋಡಿಸಿದ ಮೇಲೆ ಆ ತಪ್ಪು ನಿಲ್ಲುತ್ತದೆ.

ಇನ್ನು ಸಿಲಬಸ್ ಮಾತು. ಊರಿನ ಉದಾಹರಣೆ ತೆಗೆದುಕೊಂಡರೆ ಪಾಠ ಹಿಂದೆ ಬೀಳುವುದಿಲ್ಲ, ಅದೇ ಪಾಠ ಬೇರೆ ಬಾಗಿಲಿನಿಂದ ಬರುತ್ತದೆ. ಸ್ಥಾನಪಲ್ಲಟದ ಕ್ರಿಯೆ ಅಂತ ಪುಸ್ತಕದಲ್ಲಿ ಕಬ್ಬಿಣದ ಮೊಳೆ, ಕಾಪರ್ ಸಲ್ಫೇಟ್ ಇದೆಯಲ್ಲ. ಕಾಪರ್ ಸಲ್ಫೇಟ್ ಅಂದರೆ ಮೈಲುತುತ್ತ. ಅಡಿಕೆ ತೋಟ ಇರುವವರೆಲ್ಲ ರೋಗಕ್ಕೆ ಸಿಂಪಡಿಸಲು ಬೋರ್ಡೋ ದ್ರಾವಣ ಮಾಡುತ್ತಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಯಿತಾ ಅಂತ ನೋಡಲು ರೈತರು ಏನು ಮಾಡುತ್ತಾರೆ ಗೊತ್ತಾ? ಹೊಳೆಯುವ ಕುಡುಗೋಲನ್ನೋ ಚಾಕುವನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಇನ್ನೂ ಬೇಕು ಅಂತ ಅರ್ಥ. ಆ ಕೆಂಪು ತಾಮ್ರವೇ. ದ್ರಾವಣದಲ್ಲಿ ತಾಮ್ರದ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಇನ್ನೂ ಬಿಡಿಯಾಗಿ ಉಳಿದಿವೆ, ಕಬ್ಬಿಣ ಕರಗಿ ತಾಮ್ರವನ್ನು ಹೊರಗೆ ತಳ್ಳಿದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಒತ್ತರವಾಗಿ ಕೂತಿರುತ್ತದೆ, ಅಲಗು ಹಾಗೇ ಹೊಳೆಯುತ್ತದೆ. ಕಬ್ಬಿಣದ ಬಕೆಟ್‌ನಲ್ಲಿ ಇದನ್ನು ಕಲಸಬಾರದು ಅನ್ನುವುದೂ ಅದಕ್ಕೇ. ನಮ್ಮ ಕ್ಲಾಸಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿದವನು ಯಾವತ್ತೂ ಕೈ ಎತ್ತದ ಹುಡುಗ. ಅಪ್ಪನ ಜೊತೆ ತೋಟದಲ್ಲಿ ನೋಡಿದ್ದ.

ಲ್ಯಾಬ್ ಇಲ್ಲದ ಶಾಲೆಯವರಿಗೆ ಒಂದು ಉಪಾಯ. ಖಾಲಿಯಾದ ಮಾತ್ರೆ ಸ್ಟ್ರಿಪ್‌ಗಳನ್ನು ತೊಳೆದು ಇಟ್ಟುಕೊಳ್ಳಿ, ಫಾಯಿಲ್ ಬದಿಯದಲ್ಲ, ಪ್ಲಾಸ್ಟಿಕ್ ಗುಳಿಗಳದ್ದು. ಒಂದೊಂದು ಗುಳಿಯಲ್ಲಿ ಎರಡು ಹನಿ ದಾಸವಾಳದ ರಸ. ಅದಕ್ಕೆ ನಿಂಬೆ, ಸೋಡಾ, ಸೋಪಿನ ನೀರು, ಮಜ್ಜಿಗೆ, ಬೋರ್‌ವೆಲ್ ನೀರು. ಆಮ್ಲಕ್ಕೆ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ಅರಿಶಿನಕ್ಕೆ ಆಮ್ಲಕ್ಕೂ ಬರೀ ನೀರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ದಾಸವಾಳಕ್ಕೆ ಗೊತ್ತಾಗುತ್ತದೆ. ಇಬ್ಬಿಬ್ಬರಿಗೆ ಒಂದು ಸ್ಟ್ರಿಪ್ ಕೊಟ್ಟರೆ ಮೇಷ್ಟ್ರು ಮಾಡುವುದನ್ನು ದೂರದಿಂದ ನೋಡುವ ಕಾಟ ಇಲ್ಲ.

ಪಿಯು ಹುಡುಗಿ, ಸರಸ್ವತಿಪುರಂ:

ನಾನು ಇನ್ನೂ ಓದುತ್ತಿರುವವಳು, ತಪ್ಪು ತಿಳಿಯಬೇಡಿ. ಎಲ್ಲವನ್ನೂ ಅಡುಗೆಮನೆ, ತೋಟಕ್ಕೇ ತಂದು ಕಟ್ಟಬೇಕಾ? ನನಗೆ ರಸಾಯನಶಾಸ್ತ್ರ ಇಷ್ಟವಾಗಿದ್ದು ಆವರ್ತಕ ಕೋಷ್ಟಕದಿಂದ, ಅಂದರೆ ಧಾತುಗಳನ್ನು ಗುಣದ ಪ್ರಕಾರ ಸಾಲಾಗಿ ಜೋಡಿಸಿದ ಪಟ್ಟಿಯಿಂದ. ಅದು ನಮ್ಮ ಮನೆಯ ಯಾವ ವಸ್ತುವೂ ಅಲ್ಲ.

ರಷ್ಯಾದ ವಿಜ್ಞಾನಿ ಮೆಂಡಲೀವ್ 1869ರಲ್ಲಿ ಕೋಷ್ಟಕ ಮಾಡಿದಾಗ ಕೆಲವು ಮನೆಗಳನ್ನು ಖಾಲಿ ಬಿಟ್ಟರು. ಅಲ್ಯೂಮಿನಿಯಂ ಕೆಳಗೆ ಒಂದು ಧಾತು ಇರಲೇಬೇಕು, ಅದರ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 5.9 ಗ್ರಾಂ ಇರುತ್ತದೆ ಅಂದರು. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಅಳೆದಾಗ 4.7 ಬಂತು. ಮೆಂಡಲೀವ್ ಆ ಧಾತುವನ್ನು ಕಣ್ಣಲ್ಲೂ ನೋಡಿರಲಿಲ್ಲ. ಆದರೂ ಅಳತೆಯನ್ನು ಮತ್ತೆ ನೋಡಿ ಅಂದರು. ಶುದ್ಧ ಮಾಡಿ ಅಳೆದಾಗ 5.9! ಇದನ್ನು ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು. ಕಾಣದ ವಸ್ತುವಿನ ಬಗ್ಗೆ ಲೆಕ್ಕದಿಂದಲೇ ಅಷ್ಟು ಖಚಿತವಾಗಿ ಹೇಳಬಹುದು ಅನ್ನುವುದೇ ದೊಡ್ಡ ವಿಷಯ ಅಲ್ವಾ? ಇಂಥ ಕತೆಗಳನ್ನೂ ಹೇಳಿ ಪ್ಲೀಸ್. ಕೆಲವರಿಗೆ ಬಾಗಿಲು ಅಲ್ಲಿರುತ್ತದೆ.

ಮದ್ದೂರು ಸೈನ್ಸ್ ಮಿಸ್:

ಪುಟ್ಟಾ, ನೀನು ಹೇಳಿದ್ದು ಸರಿಯಾಗಿಯೇ ಇದೆ. ಖಾಲಿ ಮನೆ ಬಿಟ್ಟದ್ದೂ ಒಂದು ಊಹೆಯೇ. ಮೊದಲೇ ಬರೆದಿಟ್ಟು, ಆಮೇಲೆ ಪ್ರಕೃತಿ ಏನು ಹೇಳುತ್ತದೆ ಅಂತ ಕಾದರು. ನನ್ನ ಕ್ಲಾಸಿನಲ್ಲಿ ಈ ಕತೆ ಹೇಳುವಾಗ ಗ್ಯಾಲಿಯಂನ ಮನೆ ಖಾಲಿ ಬಿಟ್ಟು, ಅಕ್ಕಪಕ್ಕದವನ್ನು ನೋಡಿ ಅದರ ಗುಣ ನೀವೇ ಹೇಳಿ ಅಂತ ಮಕ್ಕಳಿಗೆ ಕೊಡುತ್ತೇನೆ. ಒಳ್ಳೆಯ ಯೋಚನೆ ಕೊಟ್ಟೆ.

ಶ್ರೀರಂಗಪಟ್ಟಣ ಟೀಚರ್:

ನನ್ನದೊಂದು ಸಮಸ್ಯೆ. ರಾಶಿ ಸಂರಕ್ಷಣೆ, ಅಂದರೆ ಕ್ರಿಯೆಯಲ್ಲಿ ಒಟ್ಟು ರಾಶಿ ಬದಲಾಗುವುದಿಲ್ಲ ಅನ್ನುವ ನಿಯಮ ತೋರಿಸಲು ಬಾಟಲಿಯಲ್ಲಿ ನಿಂಬೆರಸ, ಬಾಯಿಗೆ ಸಿಕ್ಕಿಸಿದ ಬಲೂನಿನಲ್ಲಿ ಅಡುಗೆ ಸೋಡಾ. ಮೊದಲು ತೂಕ ಮಾಡಿ, ಸೋಡಾ ಬೀಳಿಸಿ, ಬಲೂನು ಉಬ್ಬಿದ ಮೇಲೆ ಮತ್ತೆ ತೂಕ. ಡಿಜಿಟಲ್ ತಕ್ಕಡಿಯಲ್ಲಿ ಸುಮಾರು ಒಂದು ಗ್ರಾಂ ಕಡಿಮೆ ಬರುತ್ತದೆ! ಎಲ್ಲೂ ಸೋರಿಕೆ ಇಲ್ಲ. ಮಕ್ಕಳು "ನಿಯಮ ಸುಳ್ಳಾ ಮಿಸ್?" ಅನ್ನುತ್ತಾರೆ.

ಹಳೇ ಲೆಕ್ಚರರ್, ಕುವೆಂಪುನಗರ:

ಟೀಚರ್, ಇದು ಬಹಳ ಒಳ್ಳೆಯ ಪ್ರಶ್ನೆ. ನಿಯಮ ನಿಜವೇ, ಬಲೂನು ಹಿಗ್ಗಿದ್ದು ಕಾರಣ. ಉಬ್ಬಿದ ಬಲೂನು ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದ ಗಾಳಿಯ ತೂಕದಷ್ಟು ಮೇಲ್ಮುಖ ಬಲ ಬಲೂನಿನ ಮೇಲೆ ಬೀಳುತ್ತದೆ. ಅದೇ ಆರ್ಕಿಮಿಡೀಸ್ ತತ್ವ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ನಿಮ್ಮ ಬಲೂನು ಒಂದು ಲೀಟರಿಗೆ ಸ್ವಲ್ಪ ಕಡಿಮೆ ಉಬ್ಬಿದ್ದರೆ ತಕ್ಕಡಿ ಸರಿಯಾಗಿ ಅಷ್ಟೇ ಕಡಿಮೆ ತೋರಿಸುತ್ತದೆ.

ಬಲೂನು ಬಿಟ್ಟು ಒಂದು ಲೀಟರಿನ ಕೂಲ್‌ಡ್ರಿಂಕ್ಸ್ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಸೋಡಾ ಒಂದೇ ಗ್ರಾಂ, ಟಿಶ್ಯೂ ಪೇಪರಿನಲ್ಲಿ ಸುತ್ತಿ ಒಳಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಅಷ್ಟು ಸೋಡಾದಿಂದ ಸುಮಾರು 0.3 ಲೀಟರ್ ಅನಿಲ ಬರುತ್ತದೆ, ಬಾಟಲಿ ಅದನ್ನು ಆರಾಮಾಗಿ ತಡೆಯುತ್ತದೆ. ಜಾಸ್ತಿ ಹಾಕಬೇಡಿ. ಗಾಜಿನ ಬಾಟಲಿ ಬೇಡವೇ ಬೇಡ. ಗಾತ್ರ ಬದಲಾಗದ ಕಾರಣ ತೂಕವೂ ಹಾಗೇ ಇರುತ್ತದೆ. ಆಮೇಲೆ ಮುಚ್ಚಳ ತೆಗೆಯಿರಿ, ಬುಸ್ ಅಂದ ಮೇಲೆ ತೂಕ ಇಳಿಯುತ್ತದೆ. ಆದರೆ ಬಲೂನಿನ ಪ್ರಯೋಗವನ್ನು ಕೈಬಿಡಬೇಡಿ. ಎರಡನ್ನೂ ಮಾಡಿ, ವ್ಯತ್ಯಾಸ ಎಲ್ಲಿಂದ ಬಂತು ಅಂತ ಮಕ್ಕಳೇ ಹುಡುಕಲಿ.

ಲ್ಯಾಬ್ ಸಹಾಯಕಿ, ಮೈಸೂರು:

ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಯವಿಟ್ಟು ಇದನ್ನೂ ಓದಿ. ಸುಣ್ಣ ಅಂದರೆ ಮನೆಯ ವಸ್ತು ಅಂತ ಸದರ ಬೇಡ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಒಂದು ಚೂರು ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಎಲೆಗೆ ಹಚ್ಚುವ ಸುಣ್ಣವೂ ಕಣ್ಣಿಗೆ ಅಪಾಯವೇ. ಮಕ್ಕಳ ಕೈಗೆ ಸುಣ್ಣದ ತಿಳಿ ಮಾತ್ರ ಕೊಡಿ, ಕನ್ನಡಕ ಹಾಕಿಸಿ. ಏನಾದರೂ ಆದರೆ ತಕ್ಷಣ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು, ಆಸ್ಪತ್ರೆಗೆ ಕರೆದೊಯ್ಯಿರಿ. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬಾರದು, ಕ್ಲೋರಿನ್ ಅನಿಲ ಬರುತ್ತದೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಮೆಗ್ನೀಷಿಯಂ ಉರಿಯುವಾಗ ನೇರ ದಿಟ್ಟಿಸಬಾರದು. ಮೈಲುತುತ್ತ ವಿಷ, ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಹೋಗಬಾರದು. ಕುತೂಹಲ ಇರುವ ಮಕ್ಕಳೇ ಮನೆಯಲ್ಲಿ ಒಬ್ಬರೇ ಮಾಡಿ ನೋಡುವುದು, ಹಾಗಾಗಿ ಅವರಿಗೇ ಇದನ್ನು ಮೊದಲು ಹೇಳಬೇಕು.

ಮಳವಳ್ಳಿ ಓದುಗ:

ಹತ್ತನೇ ಕ್ಲಾಸಿನ ನನ್ನ ತಮ್ಮ ಶಾಯಿಯ ವಿಷಯ ಓದಿ ಕೇಳುತ್ತಿದ್ದಾನೆ: ಬೆಳಕು ಬಿದ್ದರೆ ಸಿಲ್ವರ್ ಕ್ಲೋರೈಡ್ ಕಪ್ಪಾಗುತ್ತದೆ, ಹಾಗಾದರೆ ಅಡುಗೆ ಉಪ್ಪು, ಅದೂ ಕ್ಲೋರೈಡೇ ತಾನೇ, ಯಾಕೆ ಕಪ್ಪಾಗುವುದಿಲ್ಲ?

ಹಳೇ ಲೆಕ್ಚರರ್, ಕುವೆಂಪುನಗರ:

ತಮ್ಮನಿಗೆ ಶಹಬ್ಬಾಸ್ ಅನ್ನಿ. ಬೆಳಕಿನ ಶಕ್ತಿಗೆ ಕ್ಲೋರೈಡಿನ ಒಂದು ಎಲೆಕ್ಟ್ರಾನ್ ಬಿಡಿಸಿಕೊಂಡು ಬೆಳ್ಳಿಯ ಅಯಾನಿಗೆ ಹೋಗುತ್ತದೆ. ಬೆಳ್ಳಿ ಅದನ್ನು ಸುಲಭವಾಗಿ ತೆಗೆದುಕೊಂಡು ಲೋಹವಾಗಿಬಿಡುತ್ತದೆ. ಸೋಡಿಯಂ ಹಾಗಲ್ಲ, ಎಲೆಕ್ಟ್ರಾನ್ ಕೊಟ್ಟುಬಿಡುವುದೇ ಅದರ ಸ್ವಭಾವ. ಅದನ್ನು ವಾಪಸ್ ಕೊಟ್ಟು ಲೋಹ ಮಾಡಲು ಬಿಸಿಲಿನ ಶಕ್ತಿ ಸಾಲದು, ಕರಗಿಸಿದ ಉಪ್ಪಿಗೆ ವಿದ್ಯುತ್ ಹಾಯಿಸಬೇಕು. ಅವನ ಪುಸ್ತಕದ ಕ್ರಿಯಾಶೀಲತೆಯ ಸರಣಿ ತೆಗೆದು ಸೋಡಿಯಂ ಎಲ್ಲಿದೆ, ಬೆಳ್ಳಿ ಎಲ್ಲಿದೆ ನೋಡಲಿ.

ಮದ್ದೂರು ಸೈನ್ಸ್ ಮಿಸ್:

ಎಲ್ಲರಿಗೂ ಧನ್ಯವಾದ. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದನ್ನು ಕೆರೆದು ತರಲು ಹೇಳಿ. ನಿಂಬೆರಸ ಬಿಟ್ಟರೆ ಬುರಬುರ ಅನ್ನುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಅಂತ ಅರ್ಥ. ಇನ್ನೊಂದು ಕಡೆ ಸುಣ್ಣದ ತಿಳಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿ. ಮೊದಲು ಹಾಲಿನಂತಾಗುತ್ತದೆ. ನಿಲ್ಲಿಸದೆ ಹಾಯಿಸುತ್ತಿದ್ದರೆ ಮತ್ತೆ ತಿಳಿ. ಎಷ್ಟೋ ಜನ ಹಾಲಿನ ಬಣ್ಣ ಬಂದ ಕೂಡಲೇ ನಿಲ್ಲಿಸುತ್ತಾರೆ, ನಿಲ್ಲಿಸಬೇಡಿ. ಆ ತಿಳಿ ನೀರನ್ನು ಈಗ ಕುದಿಸಿ, ಬಿಳಿ ಮತ್ತೆ ಬರುತ್ತದೆ. ಕರಗಿದ ಬೈಕಾರ್ಬೊನೇಟ್ ಕಾವಿಗೆ ಕಾರ್ಬೊನೇಟಾಗಿ ತಳ ಸೇರಿತು. ಬೋರ್‌ವೆಲ್ ನೀರಿನಲ್ಲೂ ಆಗುವುದು ಇದೇ.

ಆಲೆಮನೆಯವರೇ, ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಪಾಂಡವಪುರ ಆಲೆಮನೆ:

ಖಂಡಿತಾ ಬನ್ನಿ ಮಿಸ್. ಬೆಳಗ್ಗೆ ಬೇಗ ಬಂದರೆ ಹಾಲು ಕೊಪ್ಪರಿಗೆಗೆ ಬೀಳುವುದರಿಂದ ಹಿಡಿದು ಅಚ್ಚಿಗೆ ಹೊಯ್ಯುವವರೆಗೂ ನೋಡಬಹುದು. ಕುದಿಯುವ ಪಾಕ ಸಿಡಿಯುತ್ತದೆ, ಹಾಗಾಗಿ ಕೊಪ್ಪರಿಗೆ ಸುತ್ತ ಹಗ್ಗ ಕಟ್ಟಿಸುತ್ತೇನೆ, ಮಕ್ಕಳು ಅದರಾಚೆ ನಿಲ್ಲಲಿ. ಗಾಣದ ಹತ್ತಿರ ಸಡಿಲ ದುಪಟ್ಟಾ, ಜೋತಾಡುವ ದಾರ ಬೇಡ. ಪಿಎಚ್ ಪೇಪರ್ ನೀವು ತನ್ನಿ, 150 ಡಿಗ್ರಿಯವರೆಗೆ ಓದುವ ಥರ್ಮಾಮೀಟರ್ ನನ್ನ ಹತ್ತಿರ ಇದೆ. ಸುಣ್ಣ ಹಾಕುವ ಮೊದಲು ಒಂದು ಲೋಟ, ಹಾಕಿದ ಮೇಲೆ ಒಂದು ಲೋಟ ಹಾಲು ತೆಗೆದಿಡುತ್ತೇನೆ. ಎರಡರಲ್ಲೂ ಪೇಪರ್ ಅದ್ದುವ ಮೊದಲು ಯಾವುದು ಎಷ್ಟು ಅಂತ ಮಕ್ಕಳು ಬರೆದಿಟ್ಟುಕೊಳ್ಳಲಿ.